ಹನ್ನೊಂದು ತುಂಡಿನ ಸವಾರ

ಅಪ್ಪಾ,

ಬೆಳಗ್ಗೆ ನಿಮ್ಮ ಮೇಜಿನ ಮೇಲೆ ಆ ಪುಟಾಣಿ ಕುದುರೆ ಸವಾರನ ಗೊಂಬೆಯನ್ನು ನೋಡಿದೆ. ಹನ್ನೊಂದು ತುಂಡುಗಳಲ್ಲಿ ಹತ್ತನ್ನು ಅಂಟಿಸಿದ್ದೀರಿ, ಕೂದಲಿನಷ್ಟು ಸಣ್ಣ ಲಗಾಮನ್ನೂ ಸೇರಿಸಿ! ಬಲಗೈಯ ಪ್ಲಾಸ್ಟರ್ ಬಿಚ್ಚಿ ಇನ್ನೂ ಹತ್ತು ದಿನ ಆಗಿಲ್ಲ. ಬೈಯಲು ಬಾಯಿ ತೆರೆದವಳು ನಿಮ್ಮ ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ. ನೀವು ಗೊರಕೆ ಹೊಡೆಯುತ್ತಿದ್ದಿರಿ, ಬಚಾವಾದೆ.

ಭಾನುವಾರ ಮೇಜಿನ ಮೇಲೆ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಕ್ಕೆ ಅಂತ ನಾನು ಅಂಟಿಸುವ ಗೋಜಿಲ್ಲದ, ಇಡಿಯಾಗಿ ಅಚ್ಚು ಹಾಕಿದ ಸಿಪಾಯಿಗಳ ಡಬ್ಬಿ ತಂದಾಗ, "ಇವು ಹುಟ್ಟುವಾಗಲೇ ಮುಗಿದುಹೋಗಿವೆ, ನಂಗೇನು ಕೆಲಸ ಉಳೀತು?" ಅಂದು ಎರಡು ದಿನ ಮುಖ ಊದಿಸಿಕೊಂಡಿರಲ್ಲ. ಆಯ್ತು, ಸೋತೆ. ಬರೀ ಬಣ್ಣ ಬಳಿದರೆ ಸಾಕು, ಕೈಗೆ ನೋವಾಗದು ಅಂದುಕೊಂಡಿದ್ದೆ. ನಲವತ್ತು ವರ್ಷ ಗಡಿಯಾರ ಬಿಚ್ಚಿ ಕೂಡಿಸಿದವರಿಗೆ ಕೂಡಿಸುವುದೇ ಆಟ ಅನ್ನುವುದು ಹೊಳೆಯಲಿಲ್ಲ. ಆ ಡಬ್ಬಿಯನ್ನು ಇವತ್ತೇ ಅಂಗಡಿಗೆ ವಾಪಸ್ ಕೊಟ್ಟು ತುಂಡುಗಳದ್ದೇ ತರುತ್ತೇನೆ.

ಡಾಕ್ಟರು ಕೊಟ್ಟ ಚೆಂಡನ್ನು ಹತ್ತು ನಿಮಿಷ ಹಿಸುಕಿ. ಊಟ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಳ್ಳಿ. ಅಂಟಿನ ಮುಚ್ಚಳ ತೆರೆದೇ ಇತ್ತು, ಯಾವತ್ತಿನಂತೆ ನಾನೇ ಹಾಕಿದ್ದೇನೆ.

ಅಂದ ಹಾಗೆ, ಸವಾರನ ಈಟಿ ಎಡಗೈಯಲ್ಲಿದೆ. ಎರಡು ತಿಂಗಳು ನೀವು ಎಲ್ಲವನ್ನೂ ಎಡಗೈಯಲ್ಲೇ ಮಾಡಿದ್ದಕ್ಕಿರಬೇಕು. ಕೀಳಬೇಡಿ, ಹಾಗೇ ಇರಲಿ.

ತಲೆಯನ್ನು ಮಾತ್ರ ತಟ್ಟೆಯಲ್ಲಿ ಬಿಟ್ಟಿದ್ದೀರಿ. ನನಗೆ ಆರು ವರ್ಷವಿದ್ದಾಗಿನಿಂದ ತಲೆ ಅಂಟಿಸುವುದು ನನ್ನ ಪಾಲು. ನಿಮ್ಮ ಕೋಪ ಇಳಿದಿದೆ ಅಂತ ಅದನ್ನು ನೋಡಿಯೇ ಗೊತ್ತಾಯ್ತು. ಆರು ಗಂಟೆಗೆ ಬರುತ್ತೇನೆ. ಅಲ್ಲಿಯವರೆಗೆ ಅದನ್ನು ಮುಟ್ಟೀರಿ, ಜೋಕೆ!