ಕರೆಂಟಿನ ಪೆಟ್ಟಿಗೆ, ಬೆಳ್ಳಿಯ ಕರಡಿಗೆ

ಕೊಣ್ಣೂರ, ತಾಲೂಕು ಗೋಕಾಕ
ಶನಿವಾರ, ತಾ. ೨೮-೧೧-೧೯೩೬

ಚಿರಂಜೀವಿ ಮುರಿಗೆಪ್ಪನಿಗೆ,

ನಿನ್ನ ಅಪ್ಪ ಉದ್ದಪ್ಪನ ಆಶೀರ್ವಾದ. ಮುಂಬೈಯ ಹವೆ ಮೈಗೆ ಹಿಡಿಯಿತೋ ಇಲ್ಲವೋ, ಹೋದ ಮಳೆಗಾಲದ ಕೆಮ್ಮು ನಿನ್ನನ್ನು ಬಿಟ್ಟಿತೋ ಇಲ್ಲವೋ, ಮೊದಲು ಅದನ್ನು ತಿಳಿಸು. ಕೆಮ್ಮಿನ ಸುದ್ದಿ ಅಪ್ಪನಿಗೆ ಹೇಗೆ ಗೊತ್ತಾಯಿತು ಎಂದು ಹುಬ್ಬು ಏರಿಸಬೇಡ. ನಿನ್ನ ಚಿಗವ್ವ ಶೆಟ್ಟೆವ್ವನ ಹೆಸರಿಗೆ ಬೆಲ್ಲದ ಬಾಗೇವಾಡಿಗೆ ನೀನು ಬರೆಯುವ ಪತ್ರಗಳು ಅಲ್ಲಿಂದ ಸೆರಗಿನೊಳಗೆ ಕುಳಿತು ಇಲ್ಲಿಗೆ ಬರುತ್ತವೆ, ಅಕ್ಕತಂಗಿಯರು ಅಡುಗೆಮನೆಯಲ್ಲಿ ಗುಸುಗುಸು ಓದಿಸಿಕೊಳ್ಳುತ್ತಾರೆ. ನಾನು ಪಡಸಾಲೆಯಲ್ಲಿ ಕುಳಿತು ಕೆಮ್ಮಿದರೆ ಓದು ನಿಲ್ಲುತ್ತದೆ. ಹೀಗಾಗಿ ನಿನ್ನ ಪತ್ರ ಬಂದ ದಿವಸ ನಾನು ಕೆಮ್ಮುವುದನ್ನೇ ಬಿಟ್ಟಿದ್ದೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೋ ಬರೀ ಅನ್ನವೋ, ಕೇಳಿ ಬರೆಯಿರಿ ಎಂದು ನಿನ್ನ ಅವ್ವ ಒಳಗಿನಿಂದ ಹೇಳುತ್ತಿದ್ದಾಳೆ. ಬರೆದೆ.

ಪತ್ರದಲ್ಲಿ ನಾವೆಲ್ಲ ಸುಖವಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಹಾಕುವುದು ರೂಢಿ. ಈ ಸಲ ಆ ಸಾಲು ನನ್ನಿಂದ ಬರೆಯಲಾಗಲಿಲ್ಲ. ನಾಗರ ಪಂಚಮಿಯ ಮುಂದೆ ನಿನ್ನ ಅವ್ವನಿಗೆ ಲಕ್ವಾ ಹೊಡೆದದ್ದು ನಿನಗೆ ಗೊತ್ತೇ ಇದೆ. ಸೊಟ್ಟಗಾದ ಬಾಯಿ ನೆಟ್ಟಗಾಯಿತು, ಕಾಲು ಎಳೆಯುತ್ತ ಎಳೆಯುತ್ತ ಬಾಗಿಲತನಕ ಬರುವಷ್ಟಾಯಿತು, ಎಡಗೈ ಮಾತ್ರ ಬರಲಿಲ್ಲ. ರೊಟ್ಟಿ ಬಡಿಯಲಾಗದ್ದಕ್ಕೆ ಅವಳು ಅತ್ತವಳಲ್ಲ. ಲಿಂಗಪೂಜೆಗೆ ಅತ್ತಳು. ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡು ಪೂಜೆ ಆಗದೆ ಆಕೆ ಒಂದು ಗುಟುಕು ನೀರು ಕುಡಿದದ್ದನ್ನು ಮದುವೆಯಾದಂದಿನಿಂದ ನಾನು ಕಂಡಿಲ್ಲ. ಮೊದಮೊದಲು ದಿನಾ ಮುಂಜಾನೆ ಅವಳ ಕೈ ಕೆಳಗೆ ನನ್ನ ಕೈ ಹಿಡಿಯುತ್ತಿದ್ದೆ, ಅವಳು ಬಲಗೈಯಿಂದ ಪತ್ರಿ ಏರಿಸುತ್ತಿದ್ದಳು. 'ನನ್ನ ಲಿಂಗಕ್ಕ ನನ್ನ ಕೈ ಇಲ್ಲದಂಗಾತಲ್ರಿ' ಎನ್ನುತ್ತಿದ್ದಳು. ಲಿಂಗ ಹಿಡಿಯುವಷ್ಟು ಆ ಅಂಗೈ ತೆರೆದರೆ ಸಾಕು, ಬೇರೇನೂ ಬೇಡ ಎಂದು ಅವಳ ಆಸೆ. ನನ್ನದೂ ಅಷ್ಟೇ.

ಅದಕ್ಕೇ ಗಣೇಶ ಚೌತಿಯ ಹೊತ್ತಿಗೆ, ಲಕ್ವಾಕ್ಕೆ ಔಷಧವೆಂದು ನೀನು ಕಳಿಸಿದ ಕರೆಂಟಿನ ಪೆಟ್ಟಿಗೆ ಬಂದಾಗ ನಾನು ಬಾಯಿ ಮುಚ್ಚಿಕೊಂಡೆ. ಗದ್ದೆ, ಗಾಣ, ಬೆಲ್ಲದ ವ್ಯಾಪಾರ ಎಲ್ಲ ಬಿಟ್ಟು ಮುಂಬೈಗೆ ಕರೆಂಟಿನ ತಂತಿ ಜೋಡಿಸಲು ಹೋಗುತ್ತೇನೆ ಎಂದು ನೀನು ಹೊರಟ ದಿವಸ, ನಿನ್ನ ಗಳಿಕೆಯ ಒಂದು ವಸ್ತು ಸಹ ಈ ಹೊಸ್ತಿಲು ದಾಟಬಾರದು ಎಂದು ಅಂದವನು ನಾನೇ. ಅಂದದ್ದು ಅಂದೆ. ಆಳು ಖಂಡೆಪ್ಪ ಗೋಕಾಕ ರೋಡ್ ಸ್ಟೇಶನ್ನಿನಿಂದ ಪಾರ್ಸಲ್ಲು ಹೊತ್ತು ತಂದು ಬಾಗಿಲಲ್ಲಿ ನಿಂತು 'ಒಳಗ ತರಲೇನ್ರಿ ಗೌಡ್ರ, ಹೊರಗ ಇಡಲೇನ್ರಿ?' ಎಂದು ಕೇಳಿದ. ಊರಿಗೆಲ್ಲ ಗೊತ್ತಿದ್ದ ಮಾತು, ಅವನಿಗೂ ಗೊತ್ತು. 'ಔಷಧ ಹೊರಗ ಇಟ್ಟರ ಬ್ಯಾನಿ ವಾಸಿ ಅಕ್ಕೈತೇನೋ ಮಂಗ್ಯಾ, ತಾ ಒಳಗ' ಎಂದೆ.

ಪೆಟ್ಟಿಗೆ ಬಿಚ್ಚಿದ್ದೇ ಒಂದು ಸಂಭ್ರಮ. ಒಳಗೆ ಕುದುರೆಯ ಲಾಳದ ಆಕಾರದ ದೊಡ್ಡ ಅಯಸ್ಕಾಂತ, ಹಿತ್ತಾಳೆಯ ಗಾಲಿ, ತಿರುವಲು ಹಿಡಿಕೆ, ಎರಡು ತಂತಿ, ತಂತಿಯ ತುದಿಗೆ ಎರಡು ಹಿತ್ತಾಳೆ ಕೊಳವೆ. ಜೊತೆಗೆ ನೀನು ಬರೆದ ಹಾಳೆ. ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೆಯೇ ಇದೆ, ಸಾಲಿ ಮಾಸ್ತರರು ಹೊಡೆದ ಏಟು ನೀರಿಗೆ ಹೋದವು. ಕೊಳವೆಗಳಿಗೆ ಅರಿವೆ ಸುತ್ತಿ ಉಪ್ಪುನೀರಲ್ಲಿ ತೋಯಿಸಬೇಕು, ಒಂದನ್ನು ಅಂಗೈಯಲ್ಲಿ ಕೊಟ್ಟು ಮತ್ತೊಂದನ್ನು ಭುಜಕ್ಕೆ ಒತ್ತಿ ಹಿಡಿಯಬೇಕು, ಹಿಡಿಕೆಯನ್ನು ಮೆಲ್ಲಗೆ ತಿರುವಬೇಕು, ಇಷ್ಟನ್ನು ನಾನು ಗಟ್ಟಿಯಾಗಿ ಓದಿ ಮುಗಿಸುವುದರೊಳಗೆ ಪಡಸಾಲೆ ಸಂತೆಯಾಗಿತ್ತು. ಬಾಜೂ ಮನೆಯ ನೇಮಣ್ಣ ಅರಿವೆ ಅಂಗಡಿ ಮುಚ್ಚಿ ಬಂದಿದ್ದ. ನಿನ್ನ ಅವ್ವನಿಗೆ ಹಚ್ಚುವ ಮೊದಲು ಮತ್ತೊಬ್ಬರ ಮೇಲೆ ನೋಡಬೇಕಲ್ಲ, ಖಂಡೆಪ್ಪನ ಎರಡೂ ಕೈಗೆ ಕೊಳವೆ ಕೊಟ್ಟು ತಿರುವಿದೆ. ಬೆಲ್ಲದ ಗಾಣದ ಹುರುಪಿನಲ್ಲಿ ತಿರುವಿದೆನೋ ಏನೋ, 'ಯಪ್ಪೋ, ಚೇಳ ಕಡೀತ್ರೀ!' ಎಂದು ಒದರಿದ, ಕೊಳವೆ ಬಿಡಲು ಬಾರದೆ ಅಲ್ಲೇ ಕುಣಿದ. ಆಮೇಲೆ ನಾನೂ ಹಿಡಿದು ನೋಡಿದೆ. ನಾನು ಒದರಲಿಲ್ಲ. ಒದರಿದೆ ಎಂದು ನಿನ್ನ ಅವ್ವ ಹೇಳುತ್ತಾಳೆ, ನಂಬಬೇಡ. ಲಕ್ವಾ ಆದ ಮೇಲೆ ಆಕೆ ಬಾಯಿ ತುಂಬ ನಕ್ಕದ್ದು ಅಂದೇ.

ಆ ನಗುವಿನ ಬೆನ್ನಲ್ಲೇ ಹಾಳೆಯ ಕೊನೆಯ ಸಾಲು ಓದಿದೆ. ಮೈಮೇಲಿನ ಬೆಳ್ಳಿ, ಬಂಗಾರ, ತಾಮ್ರ ಎಲ್ಲ ತೆಗೆದಿಟ್ಟು ಹಚ್ಚಬೇಕು ಎಂದು ನೀನು ಬರೆದಿದ್ದೆ. ಕಾಲುಂಗುರ ತೆಗೆದಳು, ಕಿವಿಯ ಓಲೆ ತೆಗೆದಳು. ಕೊರಳಿಗೆ ಬರುತ್ತಲೂ ಅವಳ ಬಲಗೈ ಲಿಂಗವನ್ನು ಇಡುವ ಬೆಳ್ಳಿಯ ಕರಡಿಗೆಯನ್ನು ಗಪ್ಪನೆ ಹಿಡಿಯಿತು. 'ಕೈ ಹ್ವಾದ್ರ ಹೋಗ್ಲಿ, ಇದು ಕೊರಳ ಬಿಡೂದಿಲ್ರಿ' ಎಂದಳು. ಲಿಂಗ ಮೈಯಿಂದ ಬೇರೆಯಾದರೆ ಆ ಮೈಗೆ ನಮ್ಮಲ್ಲಿ ಏನು ಬೆಲೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ನನಗೆ ಸಿಟ್ಟು ಬರಲಿಲ್ಲ ಮುರಿಗೆಪ್ಪಾ, ಎದೆ ಉಬ್ಬಿತು! ಕಟ್ಟೆಯ ಮೇಲೆ ಕುಳಿತು ಹೋಗುವವರನ್ನೂ ಬರುವವರನ್ನೂ ಕರೆದು ಹೇಳಿದೆ, ನಮ್ಮ ಬಾಳವ್ವ ಕೈ ಬಿಟ್ಟಳು, ಲಿಂಗ ಬಿಡಲಿಲ್ಲ ಎಂದು. ಬಳಗದ ಹೆಣ್ಣುಮಕ್ಕಳು ಬಂದು ಅವಳ ಕಾಲು ಮುಟ್ಟಿ ಹೋದರು. ಅವಳು ಕರಡಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಭಕ್ತಿಯೆಂದರೆ ಹೀಗಿರಬೇಕು ಎಂದು ನಾನು ತಿಳಿದೆ.

ಪೆಟ್ಟಿಗೆಗೆ ಧೂಳು ಕೂರಬಾರದೆಂದು ಧೋತರದ ತುಂಡು ಹೊದಿಸಿ ಗೋಡೆಯ ಮಾಡದಲ್ಲಿ ಇಟ್ಟೆವು. ದಸರೆಯಲ್ಲಿ ಖಂಡೆ ಪೂಜೆಗೆ ಕುಡುಗೋಲು, ಕೊಡಲಿ, ಕುರ್ಚಿಗಿಗಳ ಸಾಲಿನಲ್ಲಿ ಅದನ್ನೂ ಇಟ್ಟು ವಿಭೂತಿ ಹಚ್ಚಿ ಹೂ ಏರಿಸಿದೆವು. ಕಾಯಿಯನ್ನೂ ಒಡೆದೆವು. ಪೂಜೆ ಮಾಡಿದೆವು, ತಿರುವಲಿಲ್ಲ. ಅತ್ತ ಅವಳ ಬೆರಳುಗಳು ದಿನದಿನಕ್ಕೆ ಒಳಗೊಳಗೆ ಮಡಚಿಕೊಳ್ಳುತ್ತಿದ್ದವು. ನಾನು ಕುಸುಬಿ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದೆ. ಮೊದಮೊದಲು ತಿಕ್ಕಿದರೆ ಬಿಚ್ಚುತ್ತಿದ್ದ ಮುಷ್ಟಿ, ದೀಪಾವಳಿ ಬರುವುದರೊಳಗೆ ನನ್ನ ಎರಡೂ ಕೈಗೆ ಬಗ್ಗದ ಹಾಗಾಯಿತು.

ದೀಪಾವಳಿಗೆ ಶೆಟ್ಟೆವ್ವ ಬಂದಳು. ಅವಳ ಬಾಯಿ ನಿನಗೆ ಗೊತ್ತಲ್ಲ, ಹರಿತ. ನಾನು ಅವಳ ಮುಂದೆಯೂ ನಿನ್ನ ಅವ್ವನ ನಿಷ್ಠೆಯ ಪುರಾಣ ಬಿಚ್ಚಿದೆ. ಪೂರ್ತಿ ಕೇಳಲೂ ಇಲ್ಲ, ಅಕ್ಕನ ಕಡೆ ತಿರುಗಿ 'ಅಯ್ಯ ಇವಳ, ಲಿಂಗ ಬೆಳ್ಳಿಯೊಳಗ ಹುಟ್ಟೇತೇನ? ತಗದ ಅರಿವ್ಯಾಗ ಕಟ್ಟಿ ಕೊರಳಾಗ ಹಾಕ್ಕೋ. ನಮ್ಮವ್ವ ಸಾಯೂತನಾ ಅರಿವ್ಯಾಗ ಕಟ್ಕೊಂಡಿದ್ಲು, ಆಕಿಗೆ ಕೈಲಾಸ ಸಿಗಲಿಲ್ಲೇನ?' ಎಂದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಹೊಲದಲ್ಲಿ ದುಡಿಯುವ ಅರ್ಧ ಊರು ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಂಡೇ ಬಾಳಿದೆ, ಅದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ನಮ್ಮ ಮನೆಯಲ್ಲಿ ಬೆಳ್ಳಿ ಬಂದ ಮೇಲೆ ನಾನು ಬೆಳ್ಳಿಯನ್ನೇ ಲಿಂಗ ಮಾಡಿಬಿಟ್ಟಿದ್ದೆ. ಸರಿ, ಉಪಾಯ ಸಿಕ್ಕಿತು, ನಿನ್ನ ಅವ್ವ ಹಿಗ್ಗುತ್ತಾಳೆ ಎಂದು ಅವಳ ಮುಖ ನೋಡಿದರೆ ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

'ನನಗ ಗೊತ್ತಿಲ್ಲೇನ ಶೆಟ್ಟೆವ್ವಾ? ಅರಿವ್ಯಾಗ ಕಟ್ಟಬೋದು ಅಂತ ಮೊದಲನೇ ದಿನಾನ ಗೊತ್ತಿತ್ತು' ಎಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು. ಆ ಬೆಳ್ಳಿ ಅವಳ ತವರಿನದಲ್ಲವಂತೆ. ನಿನ್ನ ಮೊದಲ ಪಗಾರದಲ್ಲಿ ನೀನು ಮಾಡಿಸಿ ಶೆಟ್ಟೆವ್ವನ ಕೈಯಲ್ಲಿ ಕಳಿಸಿದ್ದಂತೆ. ನನಗೆ ತವರಿನ ಬೆಳ್ಳಿ ಎಂದು ಹೇಳಿ ಕೊರಳಿಗೆ ಹಾಕಿಕೊಂಡಳಂತೆ. 'ಅಂವನ ವಸ್ತಾ ಹೊಸ್ತಿಲ ದಾಟಬಾರ್ದು ಅಂದಿದ್ರು. ಕೊರಳಾಗ ಇರೂತನಾ ಯಾರೂ ಕೇಳೂದಿಲ್ಲ. ತಗದ ಎಲ್ಲಿ ಇಡ್ಲಿ? ಇವರು ಎತ್ತಿ ನೋಡ್ತಾರ, ಒಳಗ ಮುಂಬೈ ಅಕ್ಕಸಾಲಿಯ ಗುರುತ ಐತಿ. ಗೊತ್ತಾತಂದ್ರ ಬೀದಿಗೆ ಒಗೀತಾರ. ಆಡಿದ ಮಾತ ತಿರುಗಿ ತಗೊಳ್ಳೂ ಮನಷ್ಯಾ ಅಲ್ಲ ಇವರು.' ನಿನ್ನ ಪೆಟ್ಟಿಗೆಯನ್ನು ಒಳಗೆ ತರಿಸಿದೆನಲ್ಲ, ಅದನ್ನು ನೋಡಿಯೂ ಆಕೆಗೆ ನನ್ನ ಮೇಲೆ ನಂಬಿಕೆ ಬರಲಿಲ್ಲ. ಔಷಧದ ಮಾತು ಬೇರೆ, ಮಗನ ಮಾತು ಬೇರೆ ಎಂದು ತಿಳಿದಳಂತೆ.

ನಾನು ಅಲ್ಲಿಂದ ಎದ್ದೆ. ಹಿತ್ತಲಿಗೆ ಹೋಗಿ ಎತ್ತಿಗೆ ಮೇವು ಹಾಕಿದೆ. ಖಂಡೆಪ್ಪ ಆಗಲೇ ಹಾಕಿದ್ದ, ಎತ್ತುಗಳು ನನ್ನ ಮುಖ ನೋಡಿದವು. ತಿರುಗಿ ಬಂದು ಆ ಕರಡಿಗೆಯನ್ನು ನನ್ನ ಕೈಯಾರೆ ಬಿಚ್ಚಿದೆ. ಲಿಂಗವನ್ನು ಅವಳೇ ಬಲಗೈಯಿಂದ ತೆಗೆದು ಬಿಳಿ ಅರಿವೆಯಲ್ಲಿ ಇಟ್ಟಳು, ಶೆಟ್ಟೆವ್ವ ಕಟ್ಟಿ ಕೊರಳಿಗೆ ಹಾಕಿದಳು. ಬೆಳ್ಳಿಯನ್ನು ನಾನು ದೇವರ ಜಗಲಿಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದೇನೆ.

ಅಂದಿನಿಂದ ಎರಡು ಹೊತ್ತೂ ಪೆಟ್ಟಿಗೆ ತಿರುವುತ್ತಿದ್ದೇನೆ. ನೀನು ಬರೆದ ಹಾಗೆಯೇ, ಮೆಲ್ಲಗೆ. ತಿರುವುತ್ತಿರುವಾಗ ಬೆರಳುಗಳು ಜುಮುಜುಮು ಎಂದು ಅಲುಗಿ ಒಂದಿಷ್ಟು ಬಿಚ್ಚುತ್ತವೆ. ಮೊದಲ ದಿವಸ ಅದನ್ನು ನೋಡಿ ಶೆಟ್ಟೆವ್ವ 'ಬಂತು, ಬಂತು!' ಎಂದು ಕೂಗಿದಳು. ಕೈ ನಿಲ್ಲಿಸಿದರೆ ಮತ್ತೆ ಮುಷ್ಟಿ. ಗೋಕಾಕದ ಡಾಕ್ಟರರನ್ನು ಕರೆಸಿ ತೋರಿಸಿದೆ. ಅವರು ಬೆರಳು ಹಿಡಿದು ನೋಡಿ, ಕೀಲುಗಳು ಬಿಗಿದುಹೋಗುವ ಮೊದಲು ಹಚ್ಚಬೇಕಾಗಿತ್ತು, ಆಗ ಹಚ್ಚಿದ್ದರೂ ಬರುತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ಈಗಂತೂ ಕಷ್ಟ ಎಂದರು. ಏಕೆ ತಡವಾಯಿತು ಎಂದು ಕೇಳಿದರು. ಕೊರಳ ಬೆಳ್ಳಿಯ ಮಾತು ಹೇಳಿದೆ. ಅವರು ನನ್ನನ್ನೇ ನೋಡಿದರು. ಕರೆಂಟು ಹೋಗುವುದು ಭುಜದಿಂದ ಅಂಗೈಗೆ, ಕೊರಳಲ್ಲಿ ಬೆಳ್ಳಿ ಇದ್ದರೆ ಅದಕ್ಕೇನು ತೊಂದರೆ, ಕೈಬಳೆ ಉಂಗುರ ತೆಗೆದಿದ್ದರೆ ಸಾಕಾಗಿತ್ತು ಎಂದರು. ಇದರಲ್ಲಿ ನಿನ್ನ ತಪ್ಪು ಹುಡುಕಬೇಡ. ನೀನು ಜೋಪಾನಕ್ಕೆಂದು ಬರೆದೆ. ಒಂದು ಕಾಗದ ಬರೆದು ನಿನ್ನನ್ನು ಕೇಳಿದ್ದರೆ ಎಂಟು ದಿನದಲ್ಲಿ ಗೊತ್ತಾಗುತ್ತಿತ್ತು. ನಾನು ನಿನಗೆ ಕಾಗದ ಬರೆಯುವವನಾಗಿರಲಿಲ್ಲ, ಅಷ್ಟೇ.

ಬಹಳ ಕೆಟ್ಟ ಅನಿಸುತ್ತದೆ ಮಗನೇ. ಮುಂಜಾನೆ ಪೂಜೆಗೆ ಕೂತಾಗ ಲಿಂಗವನ್ನು ಆ ಮುಚ್ಚಿದ ಮುಷ್ಟಿಯ ಮೇಲೆ ಇಡಲು ಬರುವುದಿಲ್ಲ. ಜಂಗಮರನ್ನು ಕೇಳಿದೆವು, ಬಲ ಅಂಗೈಯಲ್ಲೇ ಇಟ್ಟುಕೊಳ್ಳಿರಿ, ಶಿವ ಎಡಬಲ ನೋಡುವುದಿಲ್ಲ ಎಂದು ಅಪ್ಪಣೆ ಕೊಟ್ಟರು. ಹಾಗೇ ಮಾಡುತ್ತಾಳೆ. ಪತ್ರಿ ಏರಿಸಲು ಈಗ ಅವಳಿಗೆ ಕೈ ಇಲ್ಲ, ನಾನು ಏರಿಸುತ್ತೇನೆ. ಅವಳು ನನಗೆ ಒಂದು ಮಾತೂ ಬೈಯುವುದಿಲ್ಲ. ಬೈದಿದ್ದರೆ ಚಲೋ ಇತ್ತು. ನಿನ್ನ ಪೆಟ್ಟಿಗೆಯನ್ನು ಬಿಟ್ಟಿಲ್ಲ, ಡಾಕ್ಟರರು ಏನೇ ಅನ್ನಲಿ, ತಿರುವುತ್ತಲೇ ಇದ್ದೇನೆ.

ಈ ಸಲ ಕಬ್ಬು ಚಲೋ ಬಂದಿದೆ, ಗಾಣ ಹೂಡಿದ್ದೇವೆ. ನಿನಗೆ ಒಂದು ಬೆಲ್ಲದ ಪೆಂಟಿ ಕಳಿಸಿರಿ ಎಂದು ನಿನ್ನ ಅವ್ವನ ಹುಕುಂ. ನೇಮಣ್ಣ ಅರಿವೆ ತರಲು ಮುಂಬೈಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಬೆಲ್ಲವನ್ನೂ ಈ ಪತ್ರವನ್ನೂ ಕೊಡುತ್ತೇನೆ. ಎಣ್ಣೆ ಹಚ್ಚಿಕೊಂಡು ಬಿಸಿನೀರಲ್ಲಿ ಸ್ನಾನ ಮಾಡು, ತಂತಿಯ ಕೆಲಸದಲ್ಲಿ ಒದ್ದೆ ಕೈ ಇಟ್ಟೀಯೆ ಜೋಕೆ. ನಿನ್ನ ಅವ್ವನೂ ಚಿಗವ್ವನೂ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾರೆ ಎಂದು ತಿಳಿ. ಬಸವಣ್ಣ ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಉದ್ದಪ್ಪ

ತಾ. ಕ.: ರವಿವಾರ, ಸಂಜೆ. ನೇಮಣ್ಣನ ಗಾಡಿ ಬಾಗಿಲಲ್ಲಿ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇಂದು ಮುಂಜಾನೆ ನಿನ್ನ ಅವ್ವನಿಗೆ ಮತ್ತೆ ಲಕ್ವಾ ಹೊಡೆಯಿತು. ಮಾತು ನಿಂತಿದೆ. ಡಾಕ್ಟರರು ಬಂದು ನೋಡಿ ತಲೆ ಅಲ್ಲಾಡಿಸಿ ಹೋದರು. ಬಲಗೈಯಿಂದ ಕೊರಳು ತಡವಿ ತಡವಿ ತೋರಿಸುತ್ತಾಳೆ. ಲಿಂಗ ಕೇಳುತ್ತಾಳೆ ಎಂದು ಶೆಟ್ಟೆವ್ವ ಅರಿವೆ ಬಿಚ್ಚಿ ಕಣ್ಣಿಗೆ ಒತ್ತಿದಳು, ನಿನ್ನ ಅವ್ವ ಅದಲ್ಲ ಎಂದು ತಲೆ ಆಡಿಸಿದಳು. ನಾನು ಜಗಲಿಯ ಮೇಲಿನ ಬೆಳ್ಳಿ ತಂದು ಕೈಯಲ್ಲಿ ಕೊಟ್ಟೆ. ಗಟ್ಟಿಯಾಗಿ ಹಿಡಿದುಕೊಂಡು ಬಾಗಿಲ ಕಡೆ ನೋಡಿದಳು, ಇನ್ನೂ ನೋಡುತ್ತಲೇ ಇದ್ದಾಳೆ. 'ಮುರಿಗೆಪ್ಪ ಬರಾಕತ್ತಾನ, ನಾನ ಕರಸೇನಿ' ಎಂದು ಹೇಳಿಬಿಟ್ಟೆ. ಇಂದು ರವಿವಾರ, ತಾರಿನ ಆಫೀಸು ಮುಚ್ಚಿದೆ, ತಂತಿಸುದ್ದಿ ಹೋಗುವುದಿಲ್ಲ. ನಿನ್ನನ್ನು ಕೇಳದೆ ಮಾತು ಕೊಟ್ಟಿದ್ದೇನೆ. ನಾನು ಆಡಿದ ಮಾತನ್ನು ಇವತ್ತಿನತನಕ ಆಕೆ ಸುಳ್ಳೆಂದು ತಿಳಿದವಳಲ್ಲ. ಪತ್ರ ಓದಿ ನಿಂತ ಕಾಲಲ್ಲೇ ಹೊರಡು. ಗೋಕಾಕ ರೋಡ್ ಸ್ಟೇಶನ್ನಿಗೆ ಖಂಡೆಪ್ಪನನ್ನು ಕಳಿಸುವುದಿಲ್ಲ, ಮಂಗಳವಾರದಿಂದ ಬರುವ ಪ್ರತಿ ಗಾಡಿಗೂ ನಾನೇ ನಿಂತಿರುತ್ತೇನೆ.