ಜಾಳಿಗಿ ಗುರ್ತು

ಅಪ್ಪಾ,

ಇವತ್ತ, ನೀ ಕಡೀತನಕ ದುಡಿದ ವಿಜಯಪುರದ ದವಾಖಾನ್ಯಾಗ, ನನ್ನ ಗಂಟಲ ಕ್ಯಾನ್ಸರಿಗೆ ಮೊದಲನೇ ಸಲ ಕಿರಣ ಕೊಟ್ರು. ಪ್ಲಾಸ್ಟಿಕ್ ಜಾಳಿಗಿ ಮುಖವಾಡ ಹಾಕಿ ತಲಿ ಮಂಚಕ್ಕ ಬಿಗಿದ್ರು. "ಮಿಸುಕಾಡಬ್ಯಾಡ್ರಿ" ಅಂತ ಹೇಳಿ ಎಲ್ಲಾರೂ ಹೊರಗ ಹೋದ್ರು. ದಪ್ಪನ್ನ ಬಾಗಿಲಾ ಮುಚ್ಚಿತು. ಒದರಬೇಕಂದ್ರ ಬಾಯಿ ತೆರಿಯಾಕ ಬರಲಿಲ್ಲ.

ಯಾರಿಗೆ ಕಿರಣ ಎಲ್ಲಿ, ಎಷ್ಟು ಬೀಳಬೇಕಂತ ಲೆಕ್ಕಾ ಹಾಕೂದು ನಿನ್ನ ಕೆಲಸ ಆಗಿತ್ತು. ಇಂಡಿ ಬಸ್ಸಿಳಿದು ಮನಿಗೆ ಬಂದ ಕೂಡ್ಲೇ ನನಗ ಜಡಿ ಹಾಕ್ತಿದ್ದಿ. ಆಮ್ಯಾಲೆ ಒಲಿ ಮುಂದ ಕುಂತು ಅವ್ವಗ ಪೇಶಂಟರ ಸುದ್ದಿ ಹೇಳ್ತಿದ್ದಿ. ನಾ ಅಷ್ಟರಾಗ ನಿದ್ದಿ ಹೋಗಿರ್ತಿದ್ದೆ.

ಹೋದ ವರ್ಷಷ್ಟ ನಿನ್ನ ಕಳಕೊಂಡಾಕಿ ಅಂತ, ಅವ್ವಗ ಇದೇನೂ ಹೇಳಿರಲಿಲ್ಲ. ಸಿಂದಗ್ಯಾಗ ಸಾಲಿ ಮಾಸ್ತರರ ತರಬೇತಿ ಐತಿ ಅಂದಿದ್ದೆ. ಸಂಜಿಗೆ ಮನಿಗೆ ಬಂದಾಗ ಆಕಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುವಿದ್ಲು.

"ಈ ಜಾಳಿಗಿ ಗುರ್ತು ಲಗೂ ಹೋಗಂಗಿಲ್ಲಂತ ನಿಮ್ಮಪ್ಪ ಹೇಳ್ತಿದ್ರು," ಅಂದ್ಲು.

ನಾ ಗಲ್ಲದ ಮ್ಯಾಲೆ ಕೈ ಆಡಿಸಿ ನೋಡಕೊಂಡೆ.

"ನಾಳೆ ನಾನೂ ಬರ್ತೇನಿ. ಒಳಗ ಯಾರನ್ನೂ ಬಿಡಂಗಿಲ್ಲ, ಗೊತ್ತೈತಿ. ಬಾಗಿಲ ಹೊರಗ ಕುಂದ್ರತೇನಿ."

ಬ್ಯಾಡ ಅನ್ನಾಕ ನನಗ ಆಗಲಿಲ್ಲಪ್ಪಾ.

ನಿನ್ನ,
ಶಿವಾನಿ