ಹೊತ್ತು ಮುಳುಗುವ ಮೊದಲು

ರಾಜಮತಿ,

ನಾನು ಬಸದಿಯ ಬೆಳಗಿನ ಪೂಜೆಗೆ ಹೊರಟಿದ್ದೇನೆ. ನಿನ್ನ ಬುತ್ತಿಯನ್ನು ಒಲೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಹೆಸರುಕಾಳಿನ ಪಲ್ಯ ಉಂಟು, ಉಳಿಸಿ ತರಬೇಡ.

ನಿನ್ನೆ ಬಸ್ಸಿನ ಕಂಡಕ್ಟರ್ ಮೊಯ್ದೀನ್ ಪೇಟೆಯಲ್ಲಿ ಸಿಕ್ಕಿದ. "ಅಮ್ಮ, ನಿಮ್ಮ ಸೊಸೆ ಬೆಳಿಗ್ಗೆ ಮಾತ್ರ ಬಸ್ಸು ಹತ್ತುವುದು. ಸಂಜೆ ನಾವು ಹಾರ್ನ್ ಹೊಡೆದರೆ ಬದಿಗೆ ನಿಂತು ನಮಗೇ ದಾರಿ ಬಿಡ್ತಾರೆ ಮಾರಾಯ್ರೆ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಮಿಜಾರಿನ ಶಾಲೆಯಿಂದ ನಡೆದರೆ ಮನೆ ಸೇರುವಾಗ ಕತ್ತಲೆ. ಕತ್ತಲಾದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. "ಶಾಲೆಯಲ್ಲೇ ತಿಂದೆ, ಅತ್ತೆ" ಎಂದು ನೀನು ದಿನವೂ ಹೇಳಿದ್ದನ್ನು ನಂಬಿದೆ. ನೀನು ಸೊರಗಿದ್ದು ಹೊಸ ಕೆಲಸದ ಆಯಾಸದಿಂದ ಎಂದುಕೊಂಡೆ.

ಮೊದಲ ಸಂಬಳ ಬರುವವರೆಗೆ ಖರ್ಚಿನ ಚಿಂತೆ ನನಗೂ ಉಂಟು. ಆದರೆ ಹಸಿದ ಹೊಟ್ಟೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಎಷ್ಟು ದಿನ ಆದೀತು? ವಿಜಯರಾಜ ತೀರಿಹೋಗಿ ವರ್ಷವಾಗುವ ದಿನ ಅಭಿಷೇಕ ಮಾಡಿಸಲೆಂದು ದೇವರ ಪಟದ ಹಿಂದೆ ದುಡ್ಡು ಎತ್ತಿಟ್ಟಿದ್ದೆ. ಅದನ್ನು ನಿನ್ನ ಚೀಲದಲ್ಲಿ ಹಾಕಿದ್ದೇನೆ, ಬಸ್ಸಿಗೆ. ತಿರುಗಿ ಇಡಬೇಡ. ಆ ದಿನ ಹೂವು ಮಾತ್ರ ಒಪ್ಪಿಸುವ ಎಂದು ಬಸದಿಯಲ್ಲಿ ಪೂಜೆ ಮಾಡುವ ಇಂದ್ರರಿಗೆ ಇವತ್ತೇ ಹೇಳಿ ಬರುತ್ತೇನೆ. ನನ್ನ ಮಗ ಹೆಂಡತಿಯನ್ನು ಹಸಿದು ಮಲಗಲು ಬಿಟ್ಟವನಲ್ಲ.

ಸಂಜೆ ಎಲೆ ಹಾಕಿ ಕಾಯುತ್ತೇನೆ. ನೀನು ಬಾರದೆ ನಾನು ಉಣ್ಣುವುದಿಲ್ಲ. ನಡೆದೇ ಬಂದೆಯಾದರೆ ಇಬ್ಬರಿಗೂ ಉಪವಾಸ.

ಅತ್ತೆ